ಸೊಸೆಯ ಲೈಸೆನ್ಸು

ಅವತ್ತು ಲಾಂಡ್ರಿ ಮನೆಯ ಮಧ್ಯಾಹ್ನದ ಊಟ ಕೆಟ್ಟಿದ್ದು ಒಂದೇ ಒಂದು ಪ್ರಶ್ನೆಯಿಂದ. ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಸ್ಟೋರ್ ಅಧಿಕಾರಿ ಬೆಳಿಗ್ಗೆ ಈ ಮನೆಯ ಮಗನನ್ನು ತಡೆದು, "ನಿನ್ನ ಹತ್ರ ಯಾವ ವರ್ಗದ ಲೈಸೆನ್ಸ್ ಇದೆ?" ಎಂದು ಕೇಳಿದ್ದ. ಮಗ ತೋರಿಸಿದ್ದ. ಅಧಿಕಾರಿ ಅದನ್ನು ತಿರುವಿ ಮುರುವಿ ನೋಡಿ, ಇದು ನಡೆಯುವುದಿಲ್ಲ ಎಂದು ವಾಪಸು ಕೊಟ್ಟಿದ್ದ.

ಮಗನಿಗೆ ಬೀದಿಯವರು ಇಟ್ಟ ಹೆಸರು ಪೈಲಟ್. ಆಸ್ಪತ್ರೆಯ ಹಾಸು ಹೊದಿಕೆಗಳ ಗಂಟು ಹೊರುವ ಬಿಳಿ ವ್ಯಾನನ್ನು ಅವನು ವಿಮಾನವೆಂದೇ ತಿಳಿದು ಓಡಿಸುತ್ತಿದ್ದ. ಆ ಹೆಸರಿನಲ್ಲಿ ಕುಹಕವಿದೆ ಎಂಬುದು ಅವನಿಗೆ ಇನ್ನೂ ಹೊಳೆದಿರಲಿಲ್ಲ. ಅವನ ತಾಯಿಗೆ ಹೊಳೆದಿತ್ತು. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು, ಅವಳು ಅದನ್ನು ಮಗನಿಗೆ ಹೇಳಲು ಹೋಗಿರಲಿಲ್ಲ.

ತಾಯಿಯನ್ನು ಎಲ್ಲರೂ ಎಣಿಕೆಯಮ್ಮ ಎನ್ನುತ್ತಿದ್ದರು. ಒಗೆಯಲು ಬಂದ ಹಾಸುಗಳನ್ನು ಎಣಿಸುವುದು, ಮಡಿಸಿ ಕಳಿಸುವಾಗ ಮತ್ತೆ ಎಣಿಸುವುದು ಅವಳ ಕೆಲಸ. ದಿಂಬಿನ ಚೀಲ ಒಂದು ಕಡಿಮೆಯಾದರೂ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಬಾಯಿಂದ ಬಂದ ಲೆಕ್ಕವನ್ನು ಅವಳು ಒಮ್ಮೆಯೂ ತಿದ್ದಿದವಳಲ್ಲ. ಆಸ್ಪತ್ರೆಯವರು ಕೂಡ ಅವಳು ಹೇಳಿದ ಮೇಲೆ ಮತ್ತೆ ಎಣಿಸುತ್ತಿರಲಿಲ್ಲ.

"ನಾಲ್ಕು ಚಕ್ರ ಅಂದ್ರೆ ನಾಲ್ಕು ಚಕ್ರ," ಎಂದ ಅವಳ ಗಂಡ, ಲಾಂಡ್ರಿಯ ಯಜಮಾನ. "ಕಾರಿಗೂ ನಾಲ್ಕು, ವ್ಯಾನಿಗೂ ನಾಲ್ಕು. ಇದ್ರಲ್ಲಿ ವರ್ಗ ಎಲ್ಲಿಂದ ಬಂತು?"

"ಕಾರಿನ ಲೈಸೆನ್ಸಲ್ಲಿ ಮನೆ ಕಾರು ಓಡಿಸ್ಬಹುದಂತೆ. ದುಡ್ಡು ತಗೊಂಡು ಬೇರೆಯವರ ಸಾಮಾನು ಹೊರೋ ಗಾಡಿ ಆದ್ರೆ, ಅದೆಷ್ಟೇ ಚಿಕ್ಕದಿರ್ಲಿ, ಹಗುರ ಸರಕು ವಾಹನದ ವರ್ಗನೇ ಬೇಕಂತೆ. ಅದಕ್ಕೆ ಬೇರೆ ಪರೀಕ್ಷೆ," ಎಂದ ಪೈಲಟ್.

"ಇಷ್ಟು ವರ್ಷ ಯಾರೂ ಕೇಳ್ಲಿಲ್ಲ."

"ಇವನು ಕೇಳ್ದ. ಸೋಮವಾರದಿಂದ ಆ ವರ್ಗ ಇರೋ ಡ್ರೈವರ್ ಬರ್ಲಿಲ್ಲ ಅಂದ್ರೆ ಗೇಟೊಳಗೆ ಬಿಡಲ್ಲ ಅಂದ."

"ಅಂದ್ರೆ ಬಟ್ಟೆ ಬೇರೆಯವರಿಗೆ ಕೊಡ್ತಾನೆ. ನಾವು ಬಾಯಿಗೆ ಮಣ್ಣು ಹಾಕ್ಕೊಂಡು ಕೂತ್ಕೋಬೇಕು."

ಸೊಸೆ ಒಲೆಯ ಮುಂದೆ ನಿಂತು ಆಲೂಗಡ್ಡೆ ಸುಲಿಯುತ್ತಿದ್ದಳು. ತಿರುಗದೆಯೇ ಹೇಳಿದಳು: "ನನ್ನ ಹತ್ರ ಇದೆ."

ಅವಳ ಹತ್ತಿರ ಆ ವರ್ಗದ ಲೈಸೆನ್ಸ್ ಇರುವುದು ಎಲ್ಲರಿಗೂ ಗೊತ್ತಿತ್ತು. ಮದುವೆಗೆ ಮುಂಚೆ ಅವಳು ಗಿಡದ ನರ್ಸರಿಯೊಂದರಲ್ಲಿ ವ್ಯಾನ್ ಓಡಿಸುತ್ತಿದ್ದಳು. ಸಸಿಗಳ ತಟ್ಟೆ ತುಂಬಿಕೊಂಡು ಊರೆಲ್ಲ ಸುತ್ತಿ, ಒಂದು ಎಲೆ ಮುರಿಯದಂತೆ ಇಳಿಸಿ ಬರುತ್ತಿದ್ದಳು. ನಮ್ಮ ಮನೆಗೆ ಬಂದ ಮೇಲೆ ಅದೆಲ್ಲ ಬೇಡ ಎಂದು ಯಜಮಾನ ನಿಶ್ಚಯದ ದಿನವೇ ಹೇಳಿದ್ದ. ಅವಳು ಬಂದು ಇಸ್ತ್ರಿ ರೋಲರಿನ ಮುಂದೆ ನಿಂತಳು. ಬಿಸಿಯಾದ ಉರುಳೆಯೊಳಗೆ ಒದ್ದೆ ಹಾಸುಗಳನ್ನು ತಳ್ಳುತ್ತ ಮೂರನೆಯ ವರ್ಷ ನಡೆದಿತ್ತು. ಲೈಸೆನ್ಸನ್ನು ಮಾತ್ರ ಕಾಲಕಾಲಕ್ಕೆ ನವೀಕರಿಸಿಕೊಂಡು ಬಂದಿದ್ದಳು. ಈಗ ನರ್ಸರಿಯ ಒಡತಿ ಮತ್ತೆ ಕರೆದಿದ್ದಳು, ವ್ಯಾನ್ ಇದೆ, ಓಡಿಸುವವರಿಲ್ಲ ಬಾ ಎಂದು. ಅದರ ಬಗ್ಗೆ ಮನೆಯಲ್ಲಿ ಎರಡು ಸಲ ಜಗಳವೂ ಆಗಿತ್ತು. ಆ ಜಗಳ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಯಜಮಾನ ಈಗ ಎತ್ತಿಕೊಂಡ.

"ನರ್ಸರಿಗೆ ಹೋಗ್ತೀನಿ ಅಂತಿದ್ಯಲ್ಲ. ಹೋಗು. ನಾನು ಬೇಡ ಅನ್ನಲ್ಲ. ಆದ್ರೆ ಇವನು ಪರೀಕ್ಷೆ ಪಾಸಾಗೋವರೆಗೆ ನಮ್ಮ ಗಾಡಿಗೆ ನಿನ್ನ ಲೈಸೆನ್ಸ್ ಇರ್ಲಿ."

"ನಾನು ಓಡಿಸ್ಲಾ?"

"ಓಡಿಸೋಕೆ ಇವನಿದಾನಲ್ಲ! ಲೈಸೆನ್ಸ್ ನಿಂದು ಇರ್ಲಿ ಅಂದೆ."

"ಅದು ಹೇಗಾಗತ್ತೆ ಮಾವ?"

"ಆಗತ್ತೆ. ಮಾತು ಅಂದ್ರೆ ಮಾತು. ಇವನು ಪಾಸಾದ ದಿನ ನೀನು ನರ್ಸರಿಗೆ."

ಸೊಸೆ ಗಂಡನ ಮುಖ ನೋಡಿದಳು. ಪೈಲಟ್ ತಟ್ಟೆ ನೋಡುತ್ತಿದ್ದ. ಅತ್ತೆಯ ಕಡೆ ನೋಡಿದಳು. "ಸ್ವಲ್ಪ ದಿನ ತಾನೇ," ಎಂದಳು ಎಣಿಕೆಯಮ್ಮ, ಆಲೂಗಡ್ಡೆಯನ್ನು ತನ್ನ ಕೈಗೆ ತೆಗೆದುಕೊಳ್ಳುತ್ತ.

ಹಾಗೆ ಆ ಮನೆಯಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು. ಬೆಳಿಗ್ಗೆ ಗಂಟುಗಳನ್ನು ತುಂಬಿ ಪೈಲಟ್ ಮನೆಯಿಂದ ವ್ಯಾನ್ ಹೊರಡಿಸುತ್ತಿದ್ದ, ಸೊಸೆ ಪಕ್ಕದಲ್ಲಿ. ಬೀದಿಯವರ ಕಣ್ಣಿಗೆ ಗಂಡಸೇ ಓಡಿಸಬೇಕಲ್ಲ. ಆಸ್ಪತ್ರೆಗೆ ಸ್ವಲ್ಪ ಮುಂಚೆ ನೀರಿನ ಟ್ಯಾಂಕಿನ ಗೋಡೆಯ ಮರೆಯಲ್ಲಿ ಗಾಡಿ ನಿಲ್ಲುತ್ತಿತ್ತು. ಅವನು ಇಳಿದು ಮುಂದಿನಿಂದ ಸುತ್ತಿ ಬರುವಷ್ಟರಲ್ಲಿ ಅವಳು ಒಳಗಿನಿಂದಲೇ ಸರಿದು ಸ್ಟೇರಿಂಗ್ ಹಿಡಿದಿರುತ್ತಿದ್ದಳು. ಗೇಟಿನಲ್ಲಿ ಅವಳ ಹೆಸರು ಬರೆದುಕೊಂಡು ಒಳಗೆ ಬಿಡುತ್ತಿದ್ದರು. ಬಟ್ಟೆ ಇಳಿಸುವ ಕಟ್ಟೆಗೆ ಗಾಡಿಯನ್ನು ಹಿಂದಕ್ಕೆ ಬಿಟ್ಟು ನಿಲ್ಲಿಸಬೇಕು. ಕಿರಿದಾದ ಜಾಗ, ಎರಡೂ ಕಡೆ ಕಂಬ. ಅವಳು ಒಂದೇ ಸಲಕ್ಕೆ, ಕಟ್ಟೆಗೂ ಗಾಡಿಗೂ ನಡುವೆ ಒಂದು ಗೇಣು ಉಳಿಯುವಂತೆ ನಿಲ್ಲಿಸುತ್ತಿದ್ದಳು. ವಾಪಸು ಬರುವಾಗ ಅದೇ ಗೋಡೆಯ ಮರೆಯಲ್ಲಿ ಮತ್ತೆ ಅದಲು ಬದಲು.

ಆಸ್ಪತ್ರೆಯವರು ಅವಳನ್ನು ಡ್ರೈವರಮ್ಮ ಎಂದು ಕರೆಯತೊಡಗಿದರು. ಕಟ್ಟೆಯ ಬಳಿ ಬಟ್ಟೆಯ ಟ್ರಾಲಿ ತಳ್ಳುವ ಮುದುಕನೊಬ್ಬನಿದ್ದ. ಅವನಂತೂ ಒಂದು ದಿನ ಪೈಲಟನ ಭುಜ ತಟ್ಟಿ, "ನೋಡಿ ಕಲ್ತ್ಕೋ ತಮ್ಮ, ಹೀಗೆ ಹಾಕ್ಬೇಕು ರಿವರ್ಸು," ಎಂದುಬಿಟ್ಟ. ಪೈಲಟನನ್ನು ಅವನು ಗಂಟು ಹೊರುವ ಆಳೆಂದೇ ತಿಳಿದಿದ್ದ. ಆ ದಿನ ಪೈಲಟ್ ಮನೆಗೆ ಬಂದು ಚಹಾದಲ್ಲಿ ಸಕ್ಕರೆ ಹೆಚ್ಚಾಯಿತೆಂದು ಲೋಟ ಕುಕ್ಕಿದ.

ಅವನ ಪರೀಕ್ಷೆಯ ಕಥೆ ಬೇರೆ. ಮೊದಲ ಸಲ ಹೋದಾಗ ಗಾಡಿಯನ್ನು ಹಿಂದಕ್ಕೆ ಬಿಡುತ್ತ, ಪರೀಕ್ಷೆಗೆಂದು ನೆಟ್ಟಿದ್ದ ಎರಡು ಕಂಬಗಳಲ್ಲಿ ಒಂದನ್ನು ಬೀಳಿಸಿದ. ಎರಡನೆಯ ಸಲ ಎರಡನ್ನೂ.

"ಕಂಬ ಹತ್ತಿರ ಹತ್ತಿರ ನೆಟ್ಟಿದಾರೆ," ಎಂದ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಎಣಿಕೆಯಮ್ಮ ನಗುತ್ತಲೇ ಹೇಳಿದಳು. ಅವನು ನಗಲಿಲ್ಲ.

"ಭಾನುವಾರ ಹಿತ್ತಲಲ್ಲಿ ಬಕೆಟ್ ಇಟ್ಟು ಅಭ್ಯಾಸ ಮಾಡಿಸ್ತೀನಿ," ಎಂದಳು ಸೊಸೆ. "ಕಷ್ಟ ಏನಿಲ್ಲ. ನೀವು ಗಾಡಿ ಚಲಿಸೋಕೆ ಮುಂಚೆನೇ ಸ್ಟೇರಿಂಗ್ ತಿರುಗಿಸ್ತೀರ. ನಿಧಾನ ಬಿಡಿ, ಕನ್ನಡಿ ಎರಡೂ ನೋಡಿ, ಅನುಮಾನ ಬಂದ್ರೆ ನಿಲ್ಸಿ ಇಳಿದು ನೋಡಿ."

"ಇಳಿದು ನೋಡೋದಾ? ಅದಕ್ಕಿಂತ ನಡ್ಕೊಂಡೇ ಹೋಗ್ಬಹುದಲ್ಲ," ಎಂದ ಪೈಲಟ್.

ಭಾನುವಾರ ಬಕೆಟ್‌ಗಳನ್ನಿಟ್ಟರು. ಎರಡು ಸಲ ಸರಿಯಾಯಿತು, ಮೂರನೆಯ ಸಲ ಒಂದು ಬಕೆಟ್ ಚಕ್ರದಡಿ ಸಿಕ್ಕಿ ಒಡೆಯಿತು. ಪಕ್ಕದ ಮನೆಯ ಮಹಡಿಯಿಂದ ಯಾರೋ ಕಿಸಕ್ಕನೆ ನಕ್ಕರು. ಪೈಲಟ್ ಇಳಿದು ಉಳಿದ ಬಕೆಟನ್ನೂ ಒದ್ದು ಒಳಗೆ ಹೋದ. ಪಾಠ ಅಲ್ಲಿಗೆ ಮುಗಿಯಿತು. ಎಣಿಕೆಯಮ್ಮ ಒಡೆದ ಬಕೆಟಿನ ಚೂರುಗಳನ್ನು ಆರಿಸಿದಳೇ ಹೊರತು ಮಗನಿಗೆ ಏನೂ ಅನ್ನಲಿಲ್ಲ. ಅನ್ನಬೇಕಿತ್ತು. ಹೊರಗಿನವರ ಮುಂದೆ ಗಟ್ಟಿಯಾಗಿ ಲೆಕ್ಕ ಒಪ್ಪಿಸುವ ಬಾಯಿ ಮಗನ ಮುಂದೆ ಯಾವತ್ತೂ ತೆರೆದಿರಲಿಲ್ಲ.

ಆಮೇಲೊಂದು ದಿನ ರೋಲರಿನಲ್ಲಿ ಹಾಸು ಸುತ್ತಿಕೊಂಡು ಬಿಡಿಸಲು ಹೋದ ಸೊಸೆಯ ಎಡ ಅಂಗೈ ಸುಟ್ಟಿತು. ಬೊಬ್ಬೆ ಎದ್ದು ಕೈ ಊದಿತು. ಮೂಲೆಯ ಔಷಧದಂಗಡಿಯವನು ಮುಲಾಮು ಹಚ್ಚಿ ದಪ್ಪನೆಯ ಪಟ್ಟಿ ಸುತ್ತಿ ಕಳಿಸಿದ. ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಬಟ್ಟೆ ಹೋಗಲೇಬೇಕಿತ್ತು.

"ನಾಳೆ ಒಂದು ದಿನ ಬಾಡಿಗೆ ಡ್ರೈವರ್ ಕರೀರಿ ಮಾವ," ಎಂದಳು.

"ಒಂದು ದಿನಕ್ಕೆ ಬಾಡಿಗೆಯವನಾ? ಇವನು ಹೋಗ್ತಾನೆ. ಜೊತೆಗೆ ನಿನ್ನ ಅತ್ತೆ ಹೋಗ್ಲಿ. ಹೆಂಗಸು ಕೂತಿದ್ರೆ ಗೇಟಲ್ಲಿ ಯಾರು ಮುಖ ನೋಡ್ತಾರೆ?"

"ಹಾಗಾದ್ರೆ ಕಟ್ಟೆವರೆಗೆ ಹೋಗ್ಬೇಡಿ. ಗಾಡಿ ಆಚೆ ನಿಲ್ಸಿ, ಟ್ರಾಲಿ ತರಿಸ್ಕೊಳ್ಳಿ. ರಿವರ್ಸ್ ಹಾಕ್ಲೇಬೇಡಿ."

"ಆಯ್ತು ಡ್ರೈವರಮ್ಮ," ಎಂದ ಪೈಲಟ್.

ಗೇಟಿನಲ್ಲಿ ಯಜಮಾನ ಹೇಳಿದಂತೆಯೇ ಆಯಿತು. ಕಾವಲಿನವನು ಬಿಳಿ ವ್ಯಾನ್ ಕಂಡವನೇ, ಒಳಗಿನವರ ಮುಖ ನೋಡದೆ, ಎಂದಿನಂತೆ ಸೊಸೆಯ ಹೆಸರನ್ನೇ ಬರೆದುಕೊಂಡು ಕೈ ಬೀಸಿದ. ಪೈಲಟ್ ಕಟ್ಟೆಯ ಕಡೆಗೇ ತಿರುಗಿಸಿದ.

"ಅವಳು ಬೇಡ ಅಂದಿದ್ಳಲ್ಲೋ," ಎಂದಳು ಎಣಿಕೆಯಮ್ಮ. "ಇರು, ನಾನು ಇಳಿದು ಹಿಂದೆ ನೋಡ್ತೀನಿ."

"ಕೂತ್ಕೋ ಅಮ್ಮ. ಕನ್ನಡಿ ಯಾತಕ್ಕಿದೆ?"

ಅವಳು ಕೂತಳು. ಗಾಡಿ ಹಿಂದಕ್ಕೆ ಹೋಯಿತು, ಬಕೆಟಿನ ಮೇಲೆ ಹೋದಷ್ಟೇ ಜೋರಾಗಿ. ಮೊದಲು ಟ್ರಾಲಿ ಉರುಳಿದ ಸದ್ದು, ಆಮೇಲೆ ಮನುಷ್ಯನ ಕೂಗು. ಟ್ರಾಲಿಯ ಮುದುಕನ ಕಾಲು ಗಾಡಿಗೂ ಕಟ್ಟೆಗೂ ನಡುವೆ ಸಿಕ್ಕಿತ್ತು.

ಪೈಲಟ್ ಗಾಡಿಯನ್ನು ತುಸು ಮುಂದಕ್ಕೆ ಬಿಟ್ಟು, ಇಳಿದು ಅವನ ಬಳಿಗೆ ಓಡಿದ. ಸದ್ದು ಕೇಳಿ ಆಮೇಲೆ ನಾಲ್ಕಾರು ಜನ ಸೇರಿದರು, ಸ್ಟೇರಿಂಗ್ ಹಿಡಿದದ್ದು ಯಾರೆಂದು ಅವರಲ್ಲಿ ಯಾರೂ ಕಂಡಿರಲಿಲ್ಲ. ಆಸ್ಪತ್ರೆಯೇ ಆದ್ದರಿಂದ ಮುದುಕನನ್ನು ಒಳಗೆ ಸಾಗಿಸುವುದು ತಡವಾಗಲಿಲ್ಲ. ಹೊತ್ತವರಲ್ಲಿ ಪೈಲಟನೂ ಒಬ್ಬ. ಗಂಟು ಹೊರುವ ಹುಡುಗ ಎಷ್ಟು ಚುರುಕು ಎಂದು ಯಾರೋ ಅಂದದ್ದು ಎಣಿಕೆಯಮ್ಮನ ಕಿವಿಗೆ ಬಿತ್ತು. ಡ್ರೈವರಮ್ಮ ಎಲ್ಲಿ ಎಂದು ಇನ್ನೊಬ್ಬರು ಕೇಳಿದರು. ಹೆದರಿ ಓಡಿಹೋಗಿರಬೇಕು ಎಂದು ಮತ್ತೊಬ್ಬರು ಉತ್ತರಿಸಿದರು. ಎಣಿಕೆಯಮ್ಮ ಬಾಯಿ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಪೊಲೀಸ್ ಇನ್ಸ್‌ಪೆಕ್ಟರ್ ಹೇಳಿಕೆ ತೆಗೆದುಕೊಳ್ಳಲು ಮನೆಗೆ ಬರುತ್ತೇನೆಂದು ತಿಳಿಸಿದ್ದ. ಅಡುಗೆಮನೆಯಲ್ಲಿ ಯಾರೂ ಬ್ರೆಡ್ ಮುಟ್ಟಲಿಲ್ಲ. ಯಜಮಾನ ಮಾತ್ರ ಎರಡು ತುಂಡು ತಿಂದ. ಅವನಿಗೆ ಚಿಂತೆ ಬಂದರೆ ಹಸಿವು ಹೆಚ್ಚು.

"ಎಲ್ಲ ಕಡೆ ಅವಳ ಹೆಸರೇ ಇದೆ," ಎಂದ. "ಹಾಗೇ ಇರ್ಲಿ."

"ನಾನು ಅಲ್ಲಿರ್ಲೇ ಇಲ್ಲ," ಎಂದಳು ಸೊಸೆ.

"ಇವನಿದ್ದ ಅಂದ್ರೆ ಏನಾಗತ್ತೆ ಗೊತ್ತಾ? ವರ್ಗ ಇಲ್ದೆ ಓಡಿಸ್ದ ಅಂತ ಇವನು ಒಳಗೆ. ವಿಮೆಯವರು ಕೈ ಎತ್ತಿಬಿಡ್ತಾರೆ. ಆ ಮುದುಕನಿಗೆ ಒಂದು ಕಾಸೂ ಬರಲ್ಲ. ನಿನ್ನ ಹತ್ರ ಸರಿಯಾದ ಲೈಸೆನ್ಸ್ ಇದೆ, ನೀನು ಅಂದ್ರೆ ವಿಮೆ ಕೊಡ್ಲೇಬೇಕು. ಆ ಬಡವನ ಬಗ್ಗೆನಾದ್ರೂ ಯೋಚ್ನೆ ಮಾಡು."

"ಆ ಬಡವನ ಬಗ್ಗೆ ಇವರು ಕಟ್ಟೆ ಹತ್ರ ಯೋಚ್ನೆ ಮಾಡ್ಬೇಕಿತ್ತು."

"ನಾನೇನು ಬೇಕು ಅಂತ ಮಾಡಿದ್ನಾ?" ಎಂದು ಪೈಲಟ್ ಕೂಗಿದ. ಅವನ ಕಣ್ಣು ಕೆಂಪಾಗಿತ್ತು. ಅತ್ತಿದ್ದ. ಎಣಿಕೆಯಮ್ಮ ಚಹಾದ ಲೋಟವನ್ನು ಅವನ ಹತ್ತಿರಕ್ಕೆ ಸರಿಸಿದಳು.

"ನನ್ನ ಲೈಸೆನ್ಸ್ ಹೋಗತ್ತೆ," ಎಂದಳು ಸೊಸೆ. "ನರ್ಸರಿ ಹೋಗತ್ತೆ. ಓಡಿಸೋದು ಬಿಟ್ರೆ ನಂಗೆ ಬೇರೇನು ಬರತ್ತೆ?"

"ಹೊಟ್ಟೆಗೆ ಬಟ್ಟೆಗೆ ಇಲ್ಲಿ ಏನು ಕಮ್ಮಿಯಾಗಿದೆ ನಿಂಗೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಯಜಮಾನ ಕೈ ತೊಳೆಯಲು ಎದ್ದ. ಹೋಗುವಾಗ ಹೆಂಡತಿಗೆ ಹೇಳಿದ, "ಆ ಕೈ ಪಟ್ಟಿ ಬಿಚ್ಚು. ಈ ಕೈಲಿ ಗಾಡಿ ಓಡಿಸಿದ್ಳು ಅಂದ್ರೆ ಹಸುಗೂಸೂ ನಂಬಲ್ಲ."

ಗಂಡಸರು ಹೊರಗೆ ಹೋದ ಮೇಲೆ ಎಣಿಕೆಯಮ್ಮ ಸೊಸೆಯ ಮುಂದೆ ಮಣೆ ಎಳೆದುಕೊಂಡು ಕೂತಳು. ಕೈ ಹಿಡಿದಳು. ಸೊಸೆ ಎಳೆದುಕೊಳ್ಳಲಿಲ್ಲ. ಪಟ್ಟಿ ಕೊನೆಯ ಸುತ್ತಿಗೆ ಬಂದಾಗ ಚರ್ಮಕ್ಕೆ ಅಂಟಿಕೊಂಡಿತ್ತು. ಬೆಚ್ಚನೆಯ ನೀರು ಹಾಕಿ ನೆನೆಸಿ, ಊದುತ್ತ ಊದುತ್ತ ಬಿಡಿಸಿದಳು, ಚಿಕ್ಕ ಮಕ್ಕಳ ಗಾಯಕ್ಕೆ ಮಾಡುವ ಹಾಗೆ. ಅಷ್ಟು ಅಕ್ಕರೆಯಿಂದ ಅಂಥ ಕೆಲಸ ಮಾಡಬಹುದೆಂದು ಅವಳಿಗೇ ಗೊತ್ತಿರಲಿಲ್ಲ.

"ಅತ್ತೆ," ಎಂದಳು ಸೊಸೆ, "ನಾನು ಓಡಿಸ್ದೆ ಅಂತ ನನ್ನ ಬಾಯಿಂದ ಬರಲ್ಲ. ಅವರು ಓಡಿಸಿದ್ರು ಅಂತಾನೂ ಹೇಳಲ್ಲ. ಗಾಡಿಯಲ್ಲಿ ಇದ್ದೋರು ನೀವು. ನಿಮ್ಮನ್ನ ಕೇಳ್ತಾರೆ. ನಿಮಗೆ ಸರಿ ಕಂಡಿದ್ದು ಹೇಳಿ."

ಇನ್ಸ್‌ಪೆಕ್ಟರ್ ಬಂದ. ದಣಿದ ಮನುಷ್ಯ, ಬೇಗ ಮುಗಿಸಿ ಹೋಗುವ ಆತುರ. ಮಡಿಸಿದ ಹಾಸುಗಳ ರಾಶಿಯ ನಡುವೆ ಕುರ್ಚಿ ಹಾಕಿಸಿಕೊಂಡು ಕೂತ. ಸೊಸೆ ಎಡಗೈಯನ್ನು ಒಂದು ಟವೆಲಿನ ಮಡಿಕೆಯಲ್ಲಿ ಇಟ್ಟುಕೊಂಡು ನಿಂತಿದ್ದಳು.

"ಗಾಡಿ ಓಡಿಸ್ತಿದ್ದಿದ್ದು ನೀವೇ ತಾನೇ?"

ಸೊಸೆ ಅತ್ತೆಯ ಕಡೆ ತಿರುಗಿದಳು. ಇನ್ಸ್‌ಪೆಕ್ಟರನೂ ತಿರುಗಿದ.

"ನೀವು ಪಕ್ಕದಲ್ಲಿದ್ರಂತೆ ಅಮ್ಮ. ಯಾರು ಓಡಿಸ್ತಿದ್ರು?"

ಬಾಗಿಲ ಬಳಿ ಪೈಲಟ್ ನಿಂತಿದ್ದ. ತಾಯಿ ಅವನನ್ನು ನೋಡಲಿಲ್ಲ. ನೋಡುವ ಅಗತ್ಯವೇ ಇರಲಿಲ್ಲ.

"ನನ್ನ ಸೊಸೆ," ಎಂದಳು.

"ಹೌದೇನಮ್ಮ?"

"ಅತ್ತೆ ಎಣಿಸಿ ಹೇಳಿದ ಮೇಲೆ ಈ ಮನೇಲಿ ಯಾರೂ ಮತ್ತೆ ಎಣಿಸಲ್ಲ," ಎಂದು ಸೊಸೆ ಬಲಗೈಯಲ್ಲಿ ಸಹಿ ಮಾಡಿದಳು.

ಮುಂದಿನದೆಲ್ಲ ಯಜಮಾನ ಹೇಳಿದ ಹಾಗೇ ನಡೆಯಿತು. ಈ ಒಂದು ವಿಷಯದಲ್ಲಿ ಅವನ ತಲೆ ಸರಿಯಾಗಿಯೇ ಓಡಿತ್ತು. ವಿಮೆಯವರು ಮುದುಕನಿಗೆ ಕೊಡಬೇಕಾದ್ದನ್ನು ಕೊಡಲು ಒಪ್ಪಿದರು. ಸೊಸೆಯ ಲೈಸೆನ್ಸ್ ರದ್ದಾಯಿತು. ಮತ್ತೆ ಅರ್ಜಿ ಹಾಕಬೇಕಾದರೂ ವರ್ಷಗಟ್ಟಲೆ ಕಾಯಬೇಕಂತೆ. ನರ್ಸರಿಯ ಒಡತಿ ವಿಷಯ ಕೇಳಿ ಬೇಸರಪಟ್ಟಳು, ಮನುಷ್ಯನ ಕಾಲು ಮುರಿದವಳ ಕೈಗೆ ಗಾಡಿ ಹೇಗೆ ಕೊಡಲಿ ಎಂದಳು, ಬೇರೆಯವರನ್ನು ಇಟ್ಟುಕೊಂಡಳು. ಲಾಂಡ್ರಿಯ ವ್ಯಾನಿಗೆ ಕೊನೆಗೂ ಬಾಡಿಗೆ ಡ್ರೈವರನೊಬ್ಬ ಬಂದ. ಅಂದು ಒಂದು ದಿನಕ್ಕೆ ಬೇಡವಾದವನು ಈಗ ದಿನಾ ಬಂದು ಉಂಡು ಹೋಗತೊಡಗಿದ. ಸೊಸೆ ಕೈಗೆ ಹೊಸ ಪಟ್ಟಿ ಸುತ್ತಿಕೊಂಡು ಮಡಿಸುವ ಮೇಜಿಗೆ ನಿಂತಳು. ಗಾಯ ಒಣಗಿದ ಮೇಲೆ ಮತ್ತೆ ರೋಲರಿಗೆ.

ಎಣಿಕೆಯಮ್ಮ ಒಂದು ಸಂಜೆ ಹಣ್ಣು ತೆಗೆದುಕೊಂಡು ಮುದುಕನನ್ನು ನೋಡಲು ಹೋದಳು. ಅವನು ಕಾಲನ್ನು ದಿಂಬಿನ ಮೇಲೆ ಇಟ್ಟು ಮಲಗಿದ್ದ. ಆ ದಿಂಬಿನ ಚೀಲ ಅವಳೇ ಎಣಿಸಿ ಕಳಿಸಿದ್ದು.

"ಆ ಹುಡುಗಿ ಹೇಗಿದಾಳಮ್ಮ?" ಎಂದು ಕೇಳಿದ. "ಎಷ್ಟು ಚೆನ್ನಾಗಿ ರಿವರ್ಸ್ ಹಾಕ್ತಿದ್ಳು! ನಾನು ಕಣ್ಣು ಮುಚ್ಕೊಂಡು ಹಿಂದೆ ನಿಲ್ತಿದ್ದೆ, ಅಷ್ಟು ನಂಬಿಕೆ. ಅವತ್ತು ಅವಳಿಗೇನಾಯ್ತೋ ಏನೋ. ನಾನೇನೂ ಶಾಪ ಹಾಕಿಲ್ಲ ಅಂತ ಹೇಳಿ ಅವಳಿಗೆ."

ಹೇಳ್ತೀನಿ ಎಂದು ಎದ್ದು ಬಂದಳು. ದಾರಿಯುದ್ದಕ್ಕೂ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಮನೆಗೆ ಬಂದು ಹೇಳಲಿಲ್ಲ. ಹೇಗೆ ಹೇಳುವುದು? ಮಾಡದ ತಪ್ಪಿಗೆ ಕ್ಷಮೆ ತಂದಿದ್ದೇನೆ, ತಗೋ ಎಂದೇ?

ಪೈಲಟ್ ಮೂರನೆಯ ಸಲಕ್ಕೆ ಪಾಸಾದ. ಭಯ ಅವನಿಗೆ ನಿಧಾನ ಕಲಿಸಿತ್ತು ಅನ್ನಬೇಕು. ಎರಡೂ ಕನ್ನಡಿ ನೋಡಿದನಂತೆ, ಅನುಮಾನ ಬಂದಾಗ ಗಾಡಿ ನಿಲ್ಲಿಸಿ ಇಳಿದೂ ನೋಡಿದನಂತೆ. ಪರೀಕ್ಷಕ ಮೆಚ್ಚಿಕೊಂಡನಂತೆ. ಹೊಸ ಲೈಸೆನ್ಸಿನಲ್ಲಿ ಹಗುರ ಸರಕು ವಾಹನ ಎಂದು ಅಚ್ಚಾಗಿತ್ತು. ಅದು ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಗೆ ಒರಗಿ ನಿಂತಿತ್ತು. ಬಾಡಿಗೆ ಡ್ರೈವರನನ್ನು ಬೆಳಿಗ್ಗೆಯೇ ಕಳಿಸಿಯಾಗಿತ್ತು. ಯಜಮಾನ ಮಾಂಸ ತಂದಿದ್ದ. ಸೊಸೆ ಬಡಿಸುತ್ತಿದ್ದಳು.

ಯಜಮಾನ ಹೊಟ್ಟೆ ತುಂಬ ಉಂಡು, ಎಲ್ಲರಿಗೂ ಒಳ್ಳೆಯದಾಗಲಿ ಎನ್ನುವ ಹದಕ್ಕೆ ಬಂದ.

"ಮಾತು ಅಂದ್ರೆ ಮಾತು ಕಣಮ್ಮ. ಇವನು ಪಾಸಾದ ದಿನ ನಿನ್ನ ಕಳಿಸ್ತೀನಿ ಅಂದಿದ್ದೆ. ನಾನು ಮಾತು ತಪ್ಪೋನಲ್ಲ. ನಾಳೆಯಿಂದ ಬೇಕಾದ್ರೆ ನೀನು ನರ್ಸರಿಗೆ ಹೋಗ್ಬಹುದು."

ಅವನು ಗೇಲಿ ಮಾಡುತ್ತಿರಲಿಲ್ಲ. ಅದೇ ಕೆಟ್ಟದ್ದು. ಅವನು ಮನಸಾರೆ ಹೇಳಿದ್ದ, ಮರೆತು ಹೇಳಿದ್ದ.

ಸೊಸೆಯ ಕೈಯಲ್ಲಿದ್ದ ಸೌಟು ನಿಂತಿತು. "ಹೋಗಿ ಏನು ಮಾಡ್ಲಿ ಮಾವ?"

"ಗಿಡಕ್ಕೆ ನೀರು ಹಾಕೋಕೆ ಯಾವ ವರ್ಗನೂ ಬೇಡ," ಎಂದು ಪೈಲಟ್ ನಕ್ಕ.

ಎಣಿಕೆಯಮ್ಮ ತಟ್ಟೆಯಲ್ಲಿ ಕೈ ಅದ್ದಿ ಕೂತಿದ್ದಳು. ಸೊಸೆ ಪಾತ್ರೆಯನ್ನು ಮೇಜಿನ ಮೇಲಿಟ್ಟು ಅವಳ ಎದುರಿಗೇ ಬಂದು ನಿಂತಳು.

"ಅತ್ತೆ, ಇವತ್ತು ಇಲ್ಲಿ ಪೊಲೀಸ್ ಇಲ್ಲ. ವಿಮೆಯವರು ಇಲ್ಲ. ಲೈಸೆನ್ಸ್ ನಂಗೆ ವಾಪಸ್ ಬರಲ್ಲ, ಅದೂ ಗೊತ್ತು. ನಾನೇನೂ ಹೊರಗೆ ಹೋಗಿ ಹೇಳಲ್ಲ. ನಮ್ಮ ನಮ್ಮಲ್ಲೇ ಒಂದೇ ಒಂದು ಸಲ ಹೇಳಿಬಿಡಿ. ಅವತ್ತು ಗಾಡಿ ಓಡಿಸ್ತಿದ್ದಿದ್ದು ಯಾರು?"

ಪೈಲಟ್ ನಗುವುದನ್ನು ನಿಲ್ಲಿಸಿದ. ಯಜಮಾನ ಮೂಳೆಯನ್ನು ತಟ್ಟೆಯ ಅಂಚಿಗಿಟ್ಟ. ಹೇಳಿದರೆ ಹೋಗುವುದೇನೂ ಇರಲಿಲ್ಲ. ಒಂದು ಹೆಸರು, ಅದೂ ಮನೆಯೊಳಗೆ, ನಾಲ್ಕು ಗೋಡೆಗಳ ನಡುವೆ. ಎಣಿಕೆಯಮ್ಮ ಬಾಯಿ ತೆರೆದಳು. ಹೇಳಬೇಕೆಂದೇ ತೆರೆದಳು. ಅಷ್ಟರಲ್ಲಿ ಮಗನ ಮುಖ ಕಂಡಿತು. ಹೊಸ ಲೈಸೆನ್ಸ್ ಬಂದ ದಿನ, ಮಾಂಸದ ತುಂಡು ಹಿಡಿದ ಕೈ, ಏಟು ಬೀಳುತ್ತದೆಂದು ಕಾಯುವ ಮಗುವಿನ ಕಣ್ಣು.

"ನೀನೇ ಕಣೆ," ಎಂದಳು. "ನೀನೇ ಓಡಿಸ್ತಿದ್ದೆ."

ಸೊಸೆ ಸೌಟು ಎತ್ತಿಕೊಂಡು, "ಇನ್ನೊಂದು ಸ್ವಲ್ಪ ಹಾಕ್ಲಾ?" ಎಂದು ಗಂಡನನ್ನು ಕೇಳಿದಳು.

ಅವನು ತಟ್ಟೆ ಮುಂದಕ್ಕೆ ಚಾಚಿದ.